ಪೆಟ್ಟಿಗೆಯಲ್ಲಿ ಬರುವ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಕಿಟ್ ಎಂದರೆ ಬಿಡಿಬಿಡಿಯಾಗಿ ಮಾರುವ ಒಂದು ಇಡೀ ಗಿಟಾರ್. ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಬಣ್ಣ ಕಾಣದ ಮರದ ಬಾಡಿ, ಫ್ರೆಟ್‌ಗಳನ್ನು, ಅಂದರೆ ಸ್ವರದ ಮೆಟ್ಟಿಲುಗಳನ್ನು, ಆಗಲೇ ಕೂರಿಸಿದ ನೆಕ್, ಆರು ಬಿರಡೆಗಳು, ಬ್ರಿಡ್ಜ್, ಪಿಕಪ್‌ಗಳು, ಒಂದಿಷ್ಟು ವೈರು, ಒಂದು ಸೆಟ್ ತಂತಿ, ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಸ್ಕ್ರೂಗಳು ಸಿಗುತ್ತವೆ. ಕೊರೆಯುವ, ಕಡೆಯುವ, ಕರಾರುವಾಕ್ಕಾಗಿ ಅಳತೆ ಹಿಡಿಯುವ ಕೆಲಸಗಳನ್ನು ಕಾರ್ಖಾನೆಯ ಯಂತ್ರ ಮುಗಿಸಿರುತ್ತದೆ. ಕೊಂಡವರ ಪಾಲಿಗೆ ಉಳಿಯುವುದು ಉಜ್ಜುವುದು, ಬಣ್ಣ ಹಚ್ಚುವುದು, ವೈರ್ ಬೆಸೆಯುವುದು, ಜೋಡಿಸುವುದು, ಕೊನೆಗೆ ಹದಕ್ಕೆ ತರುವುದು. ಜೋಡಣೆಯಷ್ಟೇ ಆದರೆ ಎರಡು ರಜಾದಿನ ಸಾಕು. ಆದರೆ ಜೋಡಿಸಿದ್ದು ವಾದ್ಯವಾಗುವುದು ಹದ ಮಾಡುವ ಹಂತದಲ್ಲಿ. ಬಹಳ ಮಂದಿ ಬಣ್ಣಕ್ಕೆ ವಾರಗಟ್ಟಲೆ ತಾಳ್ಮೆ ತೋರಿಸಿ, ಹದಕ್ಕೆ ಬರುವಷ್ಟರಲ್ಲಿ ಅವಸರಕ್ಕೆ ಬೀಳುತ್ತಾರೆ. ಕಿಟ್ ಗಿಟಾರ್ ಎಂದರೆ ಕಳಪೆ ಎಂಬ ಹೆಸರು ಬಂದದ್ದರಲ್ಲಿ ಈ ಅವಸರದ ಪಾಲೇ ಹೆಚ್ಚು.

ಸಾದಾ ಗಿಟಾರನ್ನು ಹೀಗೆ ಮನೆಯಲ್ಲಿ ಕೂತು ಜೋಡಿಸುವುದು ಸುಲಭವಲ್ಲ. ಅದರ ದನಿ ಹುಟ್ಟುವುದು ಟೊಳ್ಳು ಪೆಟ್ಟಿಗೆಯಲ್ಲಿ. ಮೇಲಿನ ಹಲಗೆ ಎಷ್ಟು ತೆಳು, ಒಳಗಿನ ಪಟ್ಟಿಗಳು ಎಲ್ಲೆಲ್ಲಿ ಅಂಟಿವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಲೆಕ್ಟ್ರಿಕ್ ಗಿಟಾರಿಗೆ ಪೆಟ್ಟಿಗೆಯ ಹಂಗಿಲ್ಲ. ಲಾಸ್ ಏಂಜಲಿಸ್‌ನಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದ ಜಾರ್ಜ್ ಬೋಶಾಂಪ್ ತನ್ನ ವಾದ್ಯ ತಂಡದ ಗದ್ದಲದಲ್ಲಿ ಕೇಳಿಸುವುದೇ ಇಲ್ಲವೆಂದು ತಂತಿಗಳ ಬಳಿ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟು ಪ್ರಯೋಗ ನಡೆಸಿದ. ಪಿಕಪ್ ಎಂಬುದು ಇದೇ. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಅವನು 1932ರಲ್ಲಿ ಮಾರುಕಟ್ಟೆಗೆ ತಂದ ಅಲ್ಯೂಮಿನಿಯಂ ವಾದ್ಯದ ಗುಂಡನೆಯ ಒಡಲು, ಉದ್ದನೆಯ ಹಿಡಿ ನೋಡಿ ಜನ ಅದಕ್ಕೆ 'ಬಾಣಲೆ' ಎಂದೇ ಹೆಸರಿಟ್ಟರು. ಟೊಳ್ಳು ಗಿಟಾರಿಗೂ ಪಿಕಪ್ ಸಿಕ್ಕಿಸಿ ನೋಡಿದರು. ಸ್ಪೀಕರಿನ ದನಿಗೆ ಪೆಟ್ಟಿಗೆಯೇ ನಡುಗಿ, ಆ ನಡುಕ ಮತ್ತೆ ಪಿಕಪ್‌ಗೆ ಸೇರಿ, ಊಳಿಡುವ ಸದ್ದು ಏಳುತ್ತಿತ್ತು. ಲೆಸ್ ಪಾಲ್ ಎಂಬ ಗಿಟಾರ್ ವಾದಕ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ಪೈನ್ ಮರದ ತೊಲೆಯೊಂದಕ್ಕೆ ತಂತಿ ಬಿಗಿದು, ನೋಡುವವರಿಗೆ ಗಿಟಾರಿನಂತೆ ಕಾಣಲೆಂದು ಎರಡು ಪಕ್ಕೆಗಳನ್ನು ಅಂಟಿಸಿದ್ದು ಈ ಕಾಟಕ್ಕೆ ಪರಿಹಾರವಾಗಿ. ಗಟ್ಟಿ ಮರ ನಡುಗುವುದು ಕಡಿಮೆ, ಊಳೂ ಕಡಿಮೆ.

ಆದರೆ ಕಿಟ್ ಎಂಬ ಕಲ್ಪನೆಯ ಬೇರು ಇರುವುದು ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಲಿಯೊ ಫೆಂಡರ್‌ನಲ್ಲಿ. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. ಬಹುಶಃ ಅದರಿಂದಲೇ ಅವನು ಗಿಟಾರನ್ನು ಕುಶಲಕರ್ಮಿಯ ಕಲಾಕೃತಿಯಾಗಿ ನೋಡದೆ, ಕೆಟ್ಟಾಗ ಬಿಚ್ಚಿ ರಿಪೇರಿ ಮಾಡಬೇಕಾದ ಉಪಕರಣವಾಗಿ ನೋಡಿದ. ಚಪ್ಪಟೆ ಹಲಗೆಯಲ್ಲಿ ಬಾಡಿ ಕತ್ತರಿಸಿ, ನೆಕ್ಕನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದ. ಪಿಕಪ್‌ಗಳನ್ನೂ ಕಂಟ್ರೋಲುಗಳನ್ನೂ ತೆಗೆದು ಹಾಕಲು ಬರುವಂತೆ ಕೂರಿಸಿದ. 1950ರಲ್ಲಿ ಬಂದ ಬ್ರಾಡ್‌ಕಾಸ್ಟರ್ ಈ ಬಗೆಯದು. ಡ್ರಮ್ ತಯಾರಿಸುವ ಗ್ರೆಟ್ಷ್ ಕಂಪನಿ ಅದೇ ಉಚ್ಚಾರದ ಹೆಸರು ತನ್ನದೆಂದದ್ದರಿಂದ ಮರುವರ್ಷ ಅದು ಟೆಲಿಕಾಸ್ಟರ್ ಆಯಿತು. 1954ರಲ್ಲಿ ಮೂರು ಪಿಕಪ್ಪಿನ ಸ್ಟ್ರಾಟೋಕಾಸ್ಟರ್ ಬಂತು. ಇಂದು ಮಾರಾಟವಾಗುವ ಕಿಟ್‌ಗಳಲ್ಲಿ ಬಹುಪಾಲು ಈ ಎರಡರ ನಕಲುಗಳೇ. ಗಿಬ್ಸನ್ ಕಂಪನಿ 1952ರಲ್ಲಿ ತಂದ ಲೆಸ್ ಪಾಲ್ ಮಾದರಿಯ ಕಿಟ್ ಕೂಡ ದೊರೆಯುತ್ತದೆ. ಅದರ ಮೂಲ ವಿನ್ಯಾಸದಲ್ಲಿ ನೆಕ್ಕನ್ನು ಅಂಟಿಸಬೇಕು. ಕೋನ ತಪ್ಪಿದರೆ ಮತ್ತೆ ಬಿಚ್ಚುವಂತಿಲ್ಲ. ಮೊದಲ ಸಲ ಕೈ ಹಾಕುವವರಿಗೆ ಟೆಲಿಕಾಸ್ಟರ್ ಮಾದರಿಯೇ ಲೇಸು. ಎರಡೇ ಪಿಕಪ್, ಅಲುಗದ ಬ್ರಿಡ್ಜ್, ಕಡಿಮೆ ವೈರು.

ಕಿಟ್ ಇಲ್ಲದ ಕಾಲದಲ್ಲೂ ಮನೆಯಲ್ಲಿ ಗಿಟಾರ್ ಕಟ್ಟಿದವರುಂಟು. ಕ್ವೀನ್ ತಂಡದ ಬ್ರಯಾನ್ ಮೇ ಲಂಡನ್ನಿನಲ್ಲಿ ಹುಡುಗನಾಗಿದ್ದಾಗ, ಕೊಳ್ಳಲು ಹಣ ಸಾಲದೆ, ಎಂಜಿನಿಯರ್ ಆಗಿದ್ದ ತಂದೆಯ ಜೊತೆ 1963ರಲ್ಲಿ ಕೆಲಸ ಶುರು ಮಾಡಿದ. ನೆಕ್ಕಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಸ್ವರವನ್ನು ಅಲುಗಿಸುವ ಟ್ರೆಮೊಲೊಗೆ ಮೋಟರ್‌ಬೈಕಿನ ವಾಲ್ವ್ ಸ್ಪ್ರಿಂಗ್, ಫ್ರೆಟ್‌ಬೋರ್ಡಿನ ಚುಕ್ಕೆಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಚಿಪ್ಪಿನ ಗುಂಡಿ. ಆ ಗಿಟಾರನ್ನೇ ಅವನು ವೇದಿಕೆಯಲ್ಲಿ ನುಡಿಸುತ್ತ ಬಂದಿದ್ದಾನೆ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಮಾಡಿದ್ದು ಬಿಡಿಭಾಗಗಳ ಜೋಡಣೆ: ಒಂದು ಕಡೆ ಕೊಂಡ ಬಾಡಿ, ನೆಕ್, ಗಿಬ್ಸನ್ ಗಿಟಾರಿನಿಂದ ಕಿತ್ತ ಪಿಕಪ್. ಈಗಿನ ಕಿಟ್ ಅವನ ದಾರಿಗೇ ಹತ್ತಿರ.

ಪೆಟ್ಟಿಗೆ ಬಂದೊಡನೆ ಬಣ್ಣದ ಡಬ್ಬಿ ತೆರೆಯುವುದು ತಪ್ಪು. ಮೊದಲು ಎಲ್ಲವನ್ನೂ ಒಣಜೋಡಣೆ ಮಾಡಿ ನೋಡಬೇಕು. ನೆಕ್ಕಿನ ಬುಡ ಬಾಡಿಯ ಗುಂಡಿಯಲ್ಲಿ ಬಿಗಿಯಾಗಿ ಕೂರುತ್ತದೆಯೇ, ಪಕ್ಕದಲ್ಲಿ ಸಂದು ಉಳಿಯುತ್ತದೆಯೇ, ಪಿಕ್‌ಗಾರ್ಡಿನ ತೂತುಗಳು ಸರಿಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ಇಲ್ಲಿ ಅಳತೆಯ ದೊರೆ ಒಂದೇ: ಸ್ಕೇಲ್, ಅಂದರೆ ಮೇಲಿನ ನಟ್‌ನಿಂದ ಬ್ರಿಡ್ಜಿನವರೆಗೆ ಅದುರುವ ತಂತಿಯ ಉದ್ದ. ಫೆಂಡರ್ ಮಾದರಿಯಲ್ಲಿ ಅದು 25.5 ಇಂಚು, ಸುಮಾರು 648 ಮಿಲಿಮೀಟರ್. ಫ್ರೆಟ್‌ಗಳ ಜಾಗವೆಲ್ಲ ಈ ಉದ್ದದಿಂದಲೇ ಹುಟ್ಟಿದ್ದು. 648ನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ ಮೊದಲ ಫ್ರೆಟ್‌ಗೆ ಇರುವ ದೂರ ಸಿಗುತ್ತದೆ, 36 ಮಿಲಿಮೀಟರಿಗಿಂತ ತುಸು ಹೆಚ್ಚು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹೋಗುತ್ತ ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧಕ್ಕೆ, 324 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಮೇಲಿನ ಷಡ್ಜ. ಕಿಟ್‌ನ ನೆಕ್ಕಿನಲ್ಲಿ ಈ ಲೆಕ್ಕವನ್ನು ಯಂತ್ರ ಮಾಡಿರುತ್ತದೆ. ಆದರೆ ಬ್ರಿಡ್ಜನ್ನು ಎಲ್ಲಿ ಕೂರಿಸಬೇಕೆಂಬುದು ಕೆಲವು ಕಿಟ್‌ಗಳಲ್ಲಿ ಕಟ್ಟುವವರಿಗೇ ಬಿಟ್ಟದ್ದು. ಅಲ್ಲಿ ಐದು ಮಿಲಿಮೀಟರ್ ತಪ್ಪಿದರೆ ಆ ಗಿಟಾರ್ ಎಂದೂ ಶ್ರುತಿಗೆ ನಿಲ್ಲದು.

ಹಾಗಾಗಿ ತೂತು ಕೊರೆಯುವ ಮುನ್ನ ದಾರ ಹಿಡಿದು ನೋಡುವುದು ರೂಢಿ. ನೆಕ್ಕನ್ನು ಸ್ಕ್ರೂ ಹಾಕಿ ತಾತ್ಕಾಲಿಕವಾಗಿ ಬಿಗಿದು, ಎರಡು ಅಂಚಿನ ಬಿರಡೆಗಳಿಗೆ ದಾರ ಕಟ್ಟಿ, ನಟ್‌ನ ಗೀರುಗಳ ಮೇಲೆ ಹಾಯಿಸಿ ಬ್ರಿಡ್ಜಿನವರೆಗೆ ಎಳೆಯಬೇಕು. ಫ್ರೆಟ್‌ಬೋರ್ಡಿನ ಎರಡು ಅಂಚಿನಿಂದ ದಾರಗಳು ಕೊನೆಯವರೆಗೂ ಒಂದೇ ದೂರದಲ್ಲಿ ಸಾಗಬೇಕು, ಪಿಕಪ್ಪಿನ ಕಂಬಗಳ ಮೇಲೆ ಹಾಯಬೇಕು. ಒಂದು ದಾರ ಅಂಚಿಗೆ ವಾಲಿದರೆ ನೆಕ್ಕನ್ನು ಗುಂಡಿಯೊಳಗೆ ಕೂದಲೆಳೆಯಷ್ಟು ತಿರುಗಿಸಿದರೆ ಸಾಕು. ಅಲ್ಲಿನ ಕೂದಲೆಳೆ ಕೊನೆಯಲ್ಲಿ ಎರಡು ಮಿಲಿಮೀಟರ್ ಆಗಿ ಕಾಣುತ್ತದೆ. ಸ್ಕ್ರೂಗಳ ವಿಚಾರದಲ್ಲೂ ಒಂದು ಸೂಕ್ಷ್ಮವಿದೆ. ಅವು ಬಾಡಿಯ ತೂತಿನಲ್ಲಿ ಸಲೀಸಾಗಿ ಜಾರಿ, ನೆಕ್ಕಿನ ಮರವನ್ನು ಮಾತ್ರ ಕಚ್ಚಬೇಕು. ಎರಡನ್ನೂ ಕಚ್ಚಿದರೆ ನಡುವೆ ಉಳಿದ ಸಂದು ಎಷ್ಟು ಬಿಗಿದರೂ ಮುಚ್ಚುವುದಿಲ್ಲ. ಗಟ್ಟಿ ಮೇಪಲ್ ಮರಕ್ಕೆ ಹೋಗುವ ಸ್ಕ್ರೂವಿನ ಎಳೆಗೆ ಸೋಪನ್ನೋ ಮೇಣವನ್ನೋ ಸವರಿದರೆ ತಲೆ ಮುರಿಯುವುದು ತಪ್ಪುತ್ತದೆ. ಬಡಗಿಗಳಿಗೆ ಇದು ಹೊಸ ವಿಷಯವೇನಲ್ಲ.

ಮರದ ಬಗ್ಗೆ ಎರಡು ಮಾತು. ಕಿಟ್ ಬಾಡಿಗಳು ಬಾಸ್‌ವುಡ್, ಮಹೋಗನಿ, ಆಲ್ಡರ್, ಪೌಲೋನಿಯಾದಂಥ ಮರಗಳಲ್ಲಿ ಬರುತ್ತವೆ. ಯಾವ ಮರದಿಂದ ಯಾವ ದನಿ ಎಂಬ ವಾದ ಗಿಟಾರ್ ಪ್ರಿಯರಲ್ಲಿ ಮುಗಿಯುವಂಥದ್ದಲ್ಲ. ಪಿಕಪ್ ಗಮನಿಸುವುದು ತಂತಿಯ ಅದುರನ್ನು; ಗಟ್ಟಿ ಒಡಲಿನ ಗಿಟಾರಿನಲ್ಲಿ ಪಿಕಪ್, ತಂತಿ, ಆಂಪ್ಲಿಫೈಯರ್ ತರುವ ವ್ಯತ್ಯಾಸದ ಮುಂದೆ ಬಾಡಿಯ ಮರದ್ದು ಚಿಕ್ಕದು ಎನ್ನುವುದೇ ಹೊಸಬರಿಗೆ ಉಪಯುಕ್ತ ತಿಳಿವಳಿಕೆ. ತೂಕ ನೋಡಿ ಆರಿಸಿದರೆ ಭುಜಕ್ಕಾದರೂ ಸುಖ. ಫ್ರೆಟ್‌ಬೋರ್ಡಿನ ಮರದ ಕಥೆ ಬೇರೆ, ಅದು ಪಶ್ಚಿಮ ಘಟ್ಟದವರೆಗೂ ಬರುತ್ತದೆ. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ, ಬಲವಾದ ಬೀಗ ಬಿದ್ದಿತು. ಅದಕ್ಕೂ ಮೊದಲೇ ಅದರ ಜಾಗ ಹಿಡಿದಿದ್ದದ್ದು ಭಾರತದ ರೋಸ್‌ವುಡ್, ಅಂದರೆ ಮಲೆನಾಡು, ಕೊಡಗಿನ ಬೀಟೆ. ಮೈಸೂರಿನ ಇನ್‌ಲೇ ಕುಶಲಕರ್ಮಿಗಳು ಚಿತ್ರ ಕೂರಿಸುವ ಅದೇ ಮರ ಅಮೆರಿಕದ, ಜಪಾನಿನ ಗಿಟಾರುಗಳ ಮೇಲೆ ಬೆರಳಿಗೆ ಸಿಗುತ್ತದೆ. 2017ರ ಜನವರಿಯಲ್ಲಿ ರೋಸ್‌ವುಡ್ ಕುಲದ ಎಲ್ಲ ಮರಗಳ ಸಾಗಣೆಗೂ ಪರವಾನಗಿ ಬೇಕೆಂದಾಗ ಕೆಲವು ತಯಾರಕರು ಬೀಟೆ ಬಿಟ್ಟು ನಮ್ಮ ಮತ್ತಿ ಮರದ ಕಡೆಗೆ ತಿರುಗಿದರು. ವ್ಯಾಪಾರದಲ್ಲಿ ಅದು ಇಂಡಿಯನ್ ಲಾರೆಲ್. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೆ ಅಷ್ಟರಲ್ಲಿ ಮತ್ತಿ ನೆಲೆಯೂರಿತ್ತು.

ಬಣ್ಣದ ಕೆಲಸ ಪೀಠೋಪಕರಣದ ಪಾಲಿಶ್‌ಗಿಂತ ಬೇರೆಯಲ್ಲ. 120ರ ಸ್ಯಾಂಡ್ ಪೇಪರಿನಿಂದ ಶುರು ಮಾಡಿ 180, 240, 320 ಎಂದು ಏರುತ್ತ, ಸದಾ ಮರದ ಎಳೆಯ ದಿಕ್ಕಿಗೇ ಉಜ್ಜಬೇಕು. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ನಾರುಗಳು ನಿಮಿರುತ್ತವೆ. ಅವನ್ನು ಆಗಲೇ ಉಜ್ಜಿ ತೆಗೆಯದಿದ್ದರೆ ಮೊದಲ ಕೋಟ್ ಬಿದ್ದಾಗ ಮೇಲ್ಮೈ ಒರಟಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಎರಡು ತೊಂದರೆ ಸಾಮಾನ್ಯ. ಕಾರ್ಖಾನೆಯಲ್ಲೇ ತೆಳುವಾಗಿ ಸೀಲರ್ ಹೊಡೆದಿದ್ದರೆ ಮರ ಬಣ್ಣ ಹೀರುವುದಿಲ್ಲ. ಹಲಗೆ ಸೇರಿಸುವಾಗ ಒಸರಿದ ಅಂಟು ಬರಿಗಣ್ಣಿಗೆ ಕಾಣದೆ, ಸ್ಟೇನ್ ಹಚ್ಚಿದ ಮೇಲೆ ಬಿಳಿ ಮಚ್ಚೆಯಾಗಿ ಎದ್ದು ಕಾಣುತ್ತದೆ. ಆಮೇಲೆ ಏನು ಹಚ್ಚಬೇಕೆಂಬುದು ಅವರವರ ರುಚಿ. ಟಂಗ್ ಎಣ್ಣೆ, ಅರಗಿನ ಫ್ರೆಂಚ್ ಪಾಲಿಶ್ ಬಟ್ಟೆಯಲ್ಲೇ ಹಚ್ಚಬಹುದಾದವು, ಮನೆಯ ಕೆಲಸಕ್ಕೆ ಹೊಂದುವಂಥವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ಒಣಗುವಾಗ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿಡಬೇಕು. ಹೊಳೆಯುವ ಗಾಢ ಬಣ್ಣ ಬೇಕೆಂದರೆ ಸ್ಪ್ರೇ. ಫೆಂಡರ್ ಕಂಪನಿಯ ಹೆಸರಾಂತ ಬಣ್ಣಗಳು ಬಂದದ್ದೇ ಕಾರುಗಳ ಬಣ್ಣದ ಪಟ್ಟಿಯಿಂದ, ಡ್ಯೂಪಾಂಟ್ ಕಂಪನಿಯ ಡ್ಯೂಕೋ ಡಬ್ಬಿಗಳಿಂದ. ಫಿಯೆಸ್ಟಾ ರೆಡ್ ಫೋರ್ಡ್ ಕಾರಿನದು, ಸಾನಿಕ್ ಬ್ಲೂ ಕ್ಯಾಡಿಲಾಕಿನದು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ 'ಡ್ಯೂಕೋ ಹೊಡೆಸುವುದು' ಎನ್ನುತ್ತಾರಲ್ಲ, ಅದೇ ಡ್ಯೂಕೋ. ಲ್ಯಾಕರ್ ಹೊಡೆಯಲು ಒಣ ಹವೆ ಬೇಕು. ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಹೊಡೆದರೆ ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಂಡು ಬಣ್ಣ ಬಿಳಿಚುತ್ತದೆ. ನೆಕ್ ಕೂರುವ ಗುಂಡಿಗೆ ಮಾತ್ರ ಬಣ್ಣ ತಾಗಬಾರದು. ದಪ್ಪ ಪದರ ಬಿದ್ದರೆ ಒಣಜೋಡಣೆಯಲ್ಲಿ ಸರಿಯಾಗಿ ಕೂತಿದ್ದ ನೆಕ್ ಈಗ ಕೂರುವುದಿಲ್ಲ.

ಬಣ್ಣ ಗಟ್ಟಿಯಾಗಲು ಕಾಯುವ ವಾರಗಳಲ್ಲಿ ವೈರಿಂಗ್ ಮುಗಿಸಬಹುದು. ಎಲೆಕ್ಟ್ರಿಕ್ ಗಿಟಾರಿನ ವಿದ್ಯುತ್ತು ಗೋಡೆಯ ಪ್ಲಗ್ಗಿನಿಂದ ಬರುವುದಲ್ಲ, ತಂತಿಯೇ ಉತ್ಪಾದಿಸುವುದು. ಪಿಕಪ್ ಎಂದರೆ ಆರು ಅಯಸ್ಕಾಂತದ ಕಡ್ಡಿಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಸುರುಳಿ. ಮೇಲೆ ಹಾಯುವ ಉಕ್ಕಿನ ತಂತಿ ಅಯಸ್ಕಾಂತದ ಪ್ರಭಾವಕ್ಕೆ ತಾನೂ ಕಾಂತವಾಗಿರುತ್ತದೆ. ಮೀಟಿದಾಗ ಅದು ಅದುರಿದಂತೆ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿದು, ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ, ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. ಉಕ್ಕಲ್ಲದ ನೈಲಾನ್ ತಂತಿ ಕಟ್ಟಿದರೆ ಈ ಗಿಟಾರ್ ಮೂಕ. ಸುರುಳಿಗೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಮನೆಯ ವೈರಿಂಗಿನಲ್ಲಿ ಹರಿಯುವ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ಇದಕ್ಕೆ ಮದ್ದು ಕಂಡುಹಿಡಿದ. ಎರಡು ಸುರುಳಿ, ಒಂದಕ್ಕೊಂದು ತಿರುಗುಮುರುಗಾದ ಸುತ್ತು, ತಿರುಗುಮುರುಗಾದ ಧ್ರುವ. ಹೊರಗಿನ ಗುಂಯ್ ಒಂದನ್ನೊಂದು ಕಳೆಯುತ್ತದೆ, ತಂತಿಯ ದನಿ ಮಾತ್ರ ಕೂಡುತ್ತದೆ. ಹಂಬಕರ್ ಎಂಬುದು ಇದೇ. ಒಂದೇ ಸುರುಳಿಯ ಪಿಕಪ್ ಇದ್ದರೆ ಬಾಡಿಯ ಗುಂಡಿಗಳ ಒಳಮೈಗೆ ತಾಮ್ರದ ಹಾಳೆ ಅಂಟಿಸಿ ಅರ್ತ್‌ಗೆ ಸೇರಿಸಿದರೆ ಗದ್ದಲ ಸಾಕಷ್ಟು ತಗ್ಗುತ್ತದೆ.

ಪಿಕಪ್ಪಿನಿಂದ ಹೊರಟ ಸಿಗ್ನಲ್ ಸ್ವಿಚ್ಚಿಗೆ, ಅಲ್ಲಿಂದ ವಾಲ್ಯೂಮ್ ಪಾಟ್‌ಗೆ (ಗುಂಡಿ ತಿರುಗಿಸಿ ಹೊಂದಿಸುವ ರೋಧಕಕ್ಕೆ), ಅಲ್ಲಿಂದ ಕಾಲು ಇಂಚಿನ ಜಾಕ್‌ಗೆ ಹೋಗುತ್ತದೆ. ಟೋನ್ ಪಾಟ್ ಕೆಪಾಸಿಟರ್ ಒಂದರ ಮೂಲಕ ತಾರ ಧ್ವನಿಯನ್ನು ಅರ್ತ್‌ಗೆ ಸೋರಿಸುತ್ತದೆ. ದನಿ ಮಂದವಾಗುವುದು ಹೀಗೆ. ಒಂಟಿ ಸುರುಳಿಗೆ 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ಪಾಟ್ ಹಾಕುವುದು ವಾಡಿಕೆ. ಬೆಸುಗೆಯಲ್ಲಿ ಹೊಸಬರು ಸೋಲುವುದು ಬಹುತೇಕ ಒಂದೇ ಜಾಗದಲ್ಲಿ, ಪಾಟ್‌ನ ಬೆನ್ನಿನಲ್ಲಿ. ಅರ್ತ್ ವೈರುಗಳೆಲ್ಲ ಅಲ್ಲಿಗೇ ಬರಬೇಕು. ಆ ಲೋಹದ ಬೆನ್ನು ಶಾಖವನ್ನು ಹೀರಿಕೊಳ್ಳುತ್ತದೆ. ಹತ್ತಿಪ್ಪತ್ತು ವಾಟ್‌ನ ಸಣ್ಣ ಐರನ್ ಹಿಡಿದು ನಿಮಿಷಗಟ್ಟಲೆ ಒತ್ತಿದರೆ ಸೋಲ್ಡರ್ ಕರಗುವಷ್ಟರಲ್ಲಿ ಒಳಗಿನ ಇಂಗಾಲದ ಪಟ್ಟಿ ಸುಟ್ಟಿರುತ್ತದೆ. ಬೆನ್ನನ್ನು ಮೊದಲು ಸ್ಯಾಂಡ್ ಪೇಪರಿನಿಂದ ಗೀರಿ ಮಿನುಗಿಸಿ, ಐವತ್ತು ಅರವತ್ತು ವಾಟ್‌ನ ಐರನ್ನಿನ ಅಗಲ ತುದಿ ಊರಿ, ಎರಡು ಮೂರು ಸೆಕೆಂಡಿನಲ್ಲಿ ಸೋಲ್ಡರ್ ಹರಡಿ, ವೈರ್ ಕೂರಿಸಿ, ಅದು ಆರುವವರೆಗೆ ಕೈ ಅಲುಗಿಸದೆ ಹಿಡಿಯಬೇಕು. ಸರಿಯಾದ ಬೆಸುಗೆ ಹೊಳೆಯುತ್ತ ತೆಳುವಾಗಿ ಹರಡಿರುತ್ತದೆ. ಮಸುಕಾಗಿ ಗೋಲಿಯಂತೆ ನಿಂತಿದ್ದರೆ ಅದು ಇವತ್ತಲ್ಲ ನಾಳೆ ಕಳಚುತ್ತದೆ. ಇನ್ನೊಂದು ವೈರನ್ನು ಬ್ರಿಡ್ಜಿನ ಅಡಿಗೆ ಒಯ್ದು ತಂತಿಗಳನ್ನೂ ಅರ್ತ್‌ಗೆ ಸೇರಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ತಂತಿ ಕಟ್ಟುವ ಮೊದಲೇ ವೈರಿಂಗನ್ನು ಪರೀಕ್ಷಿಸಬಹುದು. ಆಂಪ್ಲಿಫೈಯರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಕಡಿಮೆ ಇಟ್ಟು, ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್ಪಿನ ಕಂಬಗಳನ್ನು ಮೆಲ್ಲಗೆ ಮುಟ್ಟಿದರೆ 'ಟಕ್' ಎನ್ನಬೇಕು, ಸ್ವಿಚ್ಚಿನ ಒಂದೊಂದು ಜಾಗದಲ್ಲೂ ಆಯಾ ಪಿಕಪ್ಪೇ ಎನ್ನಬೇಕು. ತಂತಿ ಕಟ್ಟಿದ ಮೇಲೆ ಅವನ್ನು ಕೈಯಿಂದ ಮುಟ್ಟಿದಾಗ ಗುಂಯ್ ತಗ್ಗಿದರೆ ಅರ್ತ್ ಸರಿಯಿದೆ; ಏರಿದರೆ ಜಾಕಿನ ಎರಡು ವೈರು ಅದಲುಬದಲಾಗಿವೆ. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ದನಿ ಬಡಕಲಾಗಿ ಮೂಗಿನಿಂದ ಬಂದಂತಿದ್ದರೆ ಒಂದರ ವೈರುಗಳನ್ನು ತಿರುಗಿಸಿ ಬೆಸೆಯಬೇಕು. ಗೋಡೆಯ ಪ್ಲಗ್ಗಿನ ವಿಷಯ ಇದಕ್ಕಿಂತ ಗಂಭೀರ. ನುಡಿಸುವವರ ಬೆರಳಡಿಯ ತಂತಿ ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಚಾಸಿಗೆ ಸೇರಿರುತ್ತದೆ. ಚಾಸಿಗೆ ಕರೆಂಟ್ ಸೋರಿ, ಮನೆಯ ಅರ್ತಿಂಗ್ ಕೆಟ್ಟಿದ್ದರೆ ಶಾಕ್ ಹೊಡೆಯುವುದು ನೇರ ಕೈಗೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಗಿಟಾರ್ ನುಡಿಸಬಾರದು.

ಇಷ್ಟಾದ ಮೇಲೆ ಜೋಡಣೆ ಬೇಗ ಮುಗಿಯುತ್ತದೆ. ಬಿರಡೆಗಳನ್ನು ಹಾಕಿ, ನೆಕ್ ಬಿಗಿದು, ಪಿಕ್‌ಗಾರ್ಡ್ ಕೂರಿಸಿ, ತಂತಿ ಏರಿಸಿದರೆ ನೋಡಲು ಗಿಟಾರ್ ಸಿದ್ಧ. ನುಡಿಸಿದರೆ ಮಾತ್ರ ಒಂದು ಫ್ರೆಟ್ಟಿನಲ್ಲಿ ತಂತಿ ಝರ್ ಎನ್ನುತ್ತದೆ, ಇನ್ನೊಂದರಲ್ಲಿ ಸ್ವರವೇ ಹೊರಡುವುದಿಲ್ಲ, ಮೇಲಕ್ಕೆ ಹೋದಂತೆ ಶ್ರುತಿ ಕದಡುತ್ತದೆ. ಹದ ಮಾಡುವುದು ಶುರುವಾಗುವುದು ಇಲ್ಲಿಂದ.

ಹತ್ತರಿಂದ ನಲವತ್ತಾರರ ಸೆಟ್ ಎಂದು ಕರೆಯುವ ಸಾಮಾನ್ಯ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಆರೂ ಸೇರಿ ನೆಕ್ಕನ್ನು ಸುಮಾರು 45 ಕಿಲೋ ಬಲದಿಂದ ಎಳೆಯುತ್ತವೆ. ನೆಕ್ ಬಿಲ್ಲಿನಂತೆ ಬಾಗದೆ ಇರಲು ಅದರೊಳಗೆ ಉಕ್ಕಿನ ಟ್ರಸ್ ರಾಡ್ ಇರುತ್ತದೆ, ಗಿಬ್ಸನ್ ಕಂಪನಿಯಲ್ಲಿ 1920ರ ದಶಕದಲ್ಲಿ ರೂಪುಗೊಂಡ ಉಪಾಯ. ಅಲೆನ್ ಕೀಯಿಂದ ಅದನ್ನು ಬಿಗಿದರೆ ನೆಕ್ ನೇರವಾಗುತ್ತದೆ, ಸಡಿಲಿಸಿದರೆ ಬಾಗುತ್ತದೆ. ಪೂರ್ತಿ ನೇರವೂ ಬೇಡ. ಅದುರುವ ತಂತಿ ನಡುವಿನಲ್ಲಿ ಅಗಲಕ್ಕೆ ಹರಡುವುದರಿಂದ ಅಲ್ಲಿ ಫ್ರೆಟ್ ತುಸು ತಗ್ಗಿರಬೇಕು. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದಾಗ ಏಳೆಂಟನೆಯ ಫ್ರೆಟ್ ಮೇಲೆ ಕಾಲು ಮಿಲಿಮೀಟರ್ ಸಂದು ಕಾಣಬೇಕು. ಒಂದು ವಿಸಿಟಿಂಗ್ ಕಾರ್ಡ್ ನುಸುಳಿದರೆ ಸಾಕು. ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಮರಕ್ಕೆ ಒಗ್ಗಿಕೊಳ್ಳಲು ಸಮಯ ಕೊಡಬೇಕು.

ಮುಂದಿನದು ಫ್ರೆಟ್‌ಗಳ ಮಟ್ಟ. ಕಿಟ್‌ಗಳ ನಿಜವಾದ ದೌರ್ಬಲ್ಯ ಇಲ್ಲೇ. ಇಪ್ಪತ್ತೆರಡು ಫ್ರೆಟ್‌ಗಳಲ್ಲಿ ಒಂದೆರಡು ಎದ್ದಿರುವುದು ಸಾಮಾನ್ಯ. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಕರಗಿಸಿ ಸರಿಪಡಿಸಬಹುದು. ಗಿಟಾರಿನಲ್ಲಿ ಅವು ಮರದ ಸೀಳಿನಲ್ಲಿ ಬಿಗಿದಿವೆ. ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಒಮ್ಮೆಗೆ ಮೂರು ಫ್ರೆಟ್ ಮೇಲಿಟ್ಟು ಅಲುಗಿಸಿದರೆ, ನಡುವಿನದು ಎದ್ದಿದ್ದಾಗ ಪಟ್ಟಿ ತಕತಕ ಅನ್ನುತ್ತದೆ. ಅದಕ್ಕೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು, ಫ್ರೆಟ್‌ಬೋರ್ಡಿಗೆ ಟೇಪ್ ಅಂಟಿಸಿ, ನುಣುಪು ಅರದಿಂದ ಕಪ್ಪು ಅಳಿಯುವಷ್ಟೇ ಉಜ್ಜಿ, ಚಪ್ಪಟೆಯಾದ ತಲೆಯನ್ನು ಮತ್ತೆ ದುಂಡಗೆ ಮಾಡಬೇಕು. ಅಂಚುಗಳು ಅಂಗೈಗೆ ತರಚುತ್ತಿದ್ದರೆ ಅವನ್ನೂ ಓರೆಯಾಗಿ ಅರೆಯಬೇಕು. ಈ ಒಂದು ಕೆಲಸವನ್ನು ಅನುಭವಿ ರಿಪೇರಿಯವರಿಗೆ ಹಣ ಕೊಟ್ಟು ಮಾಡಿಸಿದರೂ ತಪ್ಪಿಲ್ಲ. ದುಬಾರಿ ಪಿಕಪ್ ಕೊಳ್ಳುವುದಕ್ಕಿಂತ ಈ ಖರ್ಚು ಗಿಟಾರನ್ನು ಹೆಚ್ಚು ಸುಧಾರಿಸುತ್ತದೆ.

ಆಮೇಲೆ ತಂತಿಯ ಎತ್ತರ. ಬ್ರಿಡ್ಜಿನಲ್ಲಿ ಪ್ರತಿ ತಂತಿಗೂ ಒಂದೊಂದು ಸ್ಯಾಡಲ್ ಇದ್ದು, ಪುಟ್ಟ ಸ್ಕ್ರೂಗಳಿಂದ ಏರಿಳಿಸಬಹುದು. ಹನ್ನೆರಡನೆಯ ಫ್ರೆಟ್ಟಿನಲ್ಲಿ ತೆಳು ತಂತಿಗೆ ಒಂದೂವರೆ, ದಪ್ಪ ತಂತಿಗೆ ಎರಡು ಮಿಲಿಮೀಟರ್ ಆಸುಪಾಸು ಇದ್ದರೆ ಬೆರಳಿಗೂ ಹಿತ, ಝರ್ ಎನ್ನುವುದೂ ಇಲ್ಲ. ಕೊನೆಯದು ಇಂಟೊನೇಶನ್. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ತುಸು ಹಿಗ್ಗುತ್ತದೆ, ಸ್ವರ ತುಸು ಏರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡಬೇಕು. ಹನ್ನೆರಡನೆಯ ಫ್ರೆಟ್ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ಕೇಳಿ, ಅಲ್ಲೇ ಒತ್ತಿ ಮೀಟಿ ಟ್ಯೂನರಿನಲ್ಲಿ ಹೋಲಿಸುವುದು ವಿಧಾನ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಎಲ್ಲ ಸರಿಮಾಡಿದ ಮೇಲೂ ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ಕಿವಿಗೆ ಅಂತರ ಗಾಂಧಾರ ಏರಿದಂತೆ ಅನಿಸಬಹುದು. ಅದು ಕಟ್ಟಿದವರ ತಪ್ಪಲ್ಲ. ಫ್ರೆಟ್‌ಗಳು ಅಷ್ಟಕವನ್ನು ಹನ್ನೆರಡು ಸಮಪಾಲು ಮಾಡುತ್ತವೆ. ಆ ಹಂಚಿಕೆಯಲ್ಲಿ ಪಂಚಮ ಶುದ್ಧಕ್ಕೆ ತೀರ ಹತ್ತಿರ ಬಂದರೂ ಗಾಂಧಾರ ಸುಮಾರು 14 ಸೆಂಟ್ ಹೆಚ್ಚಾಗಿ ಕೂರುತ್ತದೆ. ನೂರು ಸೆಂಟ್ ಎಂದರೆ ಒಂದು ಫ್ರೆಟ್ಟಿನ ಅಂತರ.

ಹೀಗೆ ಹದಗೊಂಡ ಗಿಟಾರನ್ನು ದಪ್ಪ ತಂತಿಯಿಂದ ಶುರು ಮಾಡಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುತ್ತಾರೆ. ಮೊದಲ ಇ 82 ಹರ್ಟ್ಸ್, ಕೊನೆಯದು 330ರ ಹತ್ತಿರ, ಎರಡು ಸ್ಥಾಯಿ ಮೇಲೆ. ಸಾದಾ ಗಿಟಾರಿನಿಂದ ಬಂದವರು ಮೊದಲು ಕಲಿಯಬೇಕಾದದ್ದು ಕಡಿಮೆ ಒತ್ತುವುದನ್ನು. ಇಲ್ಲಿ ತಂತಿ ತೆಳು, ಎತ್ತರ ಕಡಿಮೆ. ಬಲವಾಗಿ ಅದುಮಿದರೆ ಸ್ವರವೇ ಏರುತ್ತದೆ. ಬೆರಳ ತುದಿ ಫ್ರೆಟ್ಟಿಗೆ ತಾಗುವಷ್ಟು ಹತ್ತಿರ, ಅದರ ಹಿಂಬದಿಗೆ ಬಿದ್ದರೆ ಸಾಕು. ಎರಡನೆಯದು ಬೇಡದ ತಂತಿಗಳನ್ನು ಸುಮ್ಮನಿರಿಸುವುದು. ಆಂಪ್ಲಿಫೈಯರ್ ಎಲ್ಲವನ್ನೂ ದೊಡ್ಡದು ಮಾಡುತ್ತದೆ, ಅಕಸ್ಮಾತ್ ತಾಗಿದ ತಂತಿಯನ್ನೂ. ಎಡಗೈಯ ಬಿಡುವಿನ ಬೆರಳುಗಳೂ ಬಲಗೈಯ ಅಂಗೈಯಂಚೂ ಸದಾ ಈ ಕಾವಲು ಕೆಲಸದಲ್ಲಿರುತ್ತವೆ. ಅಂಗೈಯಂಚನ್ನು ಬ್ರಿಡ್ಜಿನ ಮೇಲೆ ಹಗುರವಾಗಿ ಊರಿ ಮೀಟಿದರೆ ಬರುವ ದಪ್ಪನೆಯ, ಬೇಗ ಅಡಗುವ ದನಿ ರಾಕ್ ಸಂಗೀತದ ಬೆನ್ನೆಲುಬು.

ಹೊಸಬರ ಮೊದಲ ಕಾರ್ಡ್ ಇ ಮೈನರ್, ಎ ಮತ್ತು ಡಿ ತಂತಿಗಳ ಎರಡನೆಯ ಫ್ರೆಟ್ಟಿನಲ್ಲಿ ಎರಡು ಬೆರಳು ಅಷ್ಟೆ. ಮೂರು ದಪ್ಪ ತಂತಿಗಳನ್ನು ಮಾತ್ರ ಮೀಟಿದರೆ ಅದೇ ಬೆರಳುಗಳಲ್ಲಿ ಪವರ್ ಕಾರ್ಡ್ ಸಿಗುತ್ತದೆ. ಅದರ ಸ್ವರಗಳು ಷಡ್ಜ, ಪಂಚಮ, ಮೇಲಿನ ಷಡ್ಜ. ತಂಬೂರಿ ಹಿಡಿದು ಕೂತವರಿಗೆ ಚಿರಪರಿಚಿತ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ಹೆಚ್ಚಿಸಿ ದನಿಯನ್ನು ಒಡೆಸಿದಾಗ, ಮೂಲ ಸ್ವರಗಳ ಕೂಡುಕಳೆಯಿಂದ ಹೊಸ ಕಂಪನಗಳು ಹುಟ್ಟುತ್ತವೆ. ಗಾಂಧಾರ ಸೇರಿದ ಪೂರ್ಣ ಕಾರ್ಡ್ ಆಗ ರಾಡಿಯಾಗುತ್ತದೆ. ಷಡ್ಜ-ಪಂಚಮಗಳ 2:3 ಅನುಪಾತದಲ್ಲಿ ಹುಟ್ಟುವ ಕಂಪನಗಳು ಶ್ರುತಿಯೊಳಗೇ ಬೀಳುವುದರಿಂದ ದನಿ ಇನ್ನೂ ತುಂಬಿಕೊಳ್ಳುತ್ತದೆ. ಈ ಒಡಕು ದನಿಯೂ ಆಕಸ್ಮಿಕವಾಗಿ ಸಿಕ್ಕಿ, ಆಮೇಲೆ ಬೇಕೆಂದೇ ಹುಡುಕಿಕೊಂಡದ್ದು. ಕಿಂಕ್ಸ್ ತಂಡದ ಡೇವ್ ಡೇವಿಸ್ 1964ರಲ್ಲಿ ತನ್ನ ಸ್ಪೀಕರಿನ ಕಾಗದದ ಕೋನನ್ನು ಬ್ಲೇಡಿನಿಂದ ಸೀಳಿ ಅದನ್ನು ಪಡೆದ. ಈಗ ಹತ್ತು ವಾಟ್‌ನ ಅಭ್ಯಾಸದ ಆಂಪ್ಲಿಫೈಯರಿನಲ್ಲೂ ಅದಕ್ಕೊಂದು ಗುಂಡಿ ಇದೆ, ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರಿಗೂ ನೆಮ್ಮದಿ. ಆದರೂ ಕಲಿಯುವಾಗ ದನಿ ಶುಭ್ರವಾಗಿಟ್ಟು ನುಡಿಸುವುದೇ ಮೇಲು. ಒಡಕು ದನಿ ಬೆರಳಿನ ತಪ್ಪನ್ನು ಮುಚ್ಚಿಡುತ್ತದೆ. ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿಯನ್ನೂ ನುಡಿಸುವಿಕೆಯ ಭಾಗವಾಗಿ ನೋಡಬೇಕು. ಹತ್ತರಿಂದ ಆರಕ್ಕೆ ಇಳಿಸಿದರೆ ಒಡಕು ತಾನೇ ತಿಳಿಯಾಗುತ್ತದೆ.

ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವ ಬೆಂಡ್ ಈ ವಾದ್ಯದ ಮಾತುಗಾರಿಕೆ. ವೀಣೆಯಲ್ಲಿ ಗಮಕಕ್ಕೆ ತಂತಿ ಎಳೆಯುವುದನ್ನು ಬಲ್ಲವರಿಗೆ ಇದರ ತರ್ಕ ತಕ್ಷಣ ಹತ್ತುತ್ತದೆ. ಗಿಟಾರಿನ ತಂತಿ ಹೆಚ್ಚು ಬಿಗಿ, ಆದ್ದರಿಂದ ಸಾಮಾನ್ಯವಾಗಿ ಒಂದು ಇಲ್ಲವೇ ಒಂದೂವರೆ ಸ್ವರದಷ್ಟೇ ಎಳೆತ. ಒಂದೇ ಬೆರಳಿನಿಂದ ಎಳೆಯದೆ, ಉಂಗುರ ಬೆರಳಿಗೆ ಹಿಂದಿನ ಎರಡು ಬೆರಳುಗಳ ಆಸರೆ ಕೊಟ್ಟು, ಮಣಿಕಟ್ಟನ್ನು ತಿರುಗಿಸಿ ಎಳೆಯಬೇಕು. ಎರಡು ಫ್ರೆಟ್ ಮೇಲಿನ ಸ್ವರವನ್ನು ಮೊದಲು ನುಡಿಸಿ ಕಿವಿಯಲ್ಲಿ ಇಟ್ಟುಕೊಂಡು, ಆಮೇಲೆ ಕೆಳಗಿನಿಂದ ಎಳೆದು ಅದನ್ನೇ ಮುಟ್ಟುವುದು ಒಳ್ಳೆಯ ಸಾಧನೆ. ಕರ್ನಾಟಕ ಸಂಗೀತಕ್ಕೆ ಎಲೆಕ್ಟ್ರಿಕ್ ತಂತಿ ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ, ಆರ್. ಪ್ರಸನ್ನ ಗಿಟಾರಿನಲ್ಲಿ ಉತ್ತರ ಕೊಟ್ಟಿದ್ದಾರೆ.

ಹೊಸದಾಗಿ ಕಟ್ಟಿದ ಗಿಟಾರ್ ಮೊದಲ ಕೆಲವು ತಿಂಗಳು ಕದಲುತ್ತಲೇ ಇರುತ್ತದೆ. ತಂತಿಯ ಎಳೆತಕ್ಕೆ ನೆಕ್ ಒಗ್ಗಬೇಕು, ಬೇಸಿಗೆಗೂ ಮಳೆಗಾಲಕ್ಕೂ ಮರ ಕುಗ್ಗಿ ಹಿಗ್ಗಬೇಕು. ಋತು ಬದಲಾದಾಗ ಟ್ರಸ್ ರಾಡ್ ಒಮ್ಮೆ ನೋಡಿ, ನೆಕ್ಕಿನ ಸ್ಕ್ರೂಗಳ ಬಿಗಿ ಪರೀಕ್ಷಿಸಿ, ತಂತಿಯ ಎತ್ತರ ಮತ್ತೆ ಅಳೆಯಬೇಕು. ನುಡಿಸಿದ ಮೇಲೆ ಬೆವರು ಒರೆಸಿದರೆ ತಂತಿ ಬೇಗ ತುಕ್ಕು ಹಿಡಿಯದು. ತಂತಿ ಬದಲಿಸುವಾಗ ಸ್ಟ್ರಾಟೋಕಾಸ್ಟರ್ ಮಾದರಿಯವರು ಒಂದು ಎಚ್ಚರ ವಹಿಸಬೇಕು. ಅದರ ಟ್ರೆಮೊಲೊ ಬ್ರಿಡ್ಜ್ ಮುಂದಿನಿಂದ ತಂತಿಗಳೂ ಬೆನ್ನಿನಿಂದ ಸ್ಪ್ರಿಂಗ್‌ಗಳೂ ಎಳೆಯುವ ನಡುವೆ ತೂಗುತ್ತಿರುತ್ತದೆ. ಆರೂ ತಂತಿಗಳನ್ನು ಒಮ್ಮೆಲೇ ಬಿಚ್ಚಿದರೆ ಬ್ರಿಡ್ಜ್ ಹಿಂದಕ್ಕೆ ವಾಲಿ, ಹೊಸ ತಂತಿ ಶ್ರುತಿಗೆ ನಿಲ್ಲಲು ಮತ್ತೆ ಮತ್ತೆ ತಿರುಚಬೇಕಾಗುತ್ತದೆ. ಒಂದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಏರಿಸಿದ ಮೇಲಷ್ಟೇ ಮುಂದಿನದನ್ನು ಬಿಚ್ಚುವುದು ಕ್ರಮ.